ಮೆಹರುನ್ನೀಸಾ ಒಪ್ಪಿಕೊಂಡ ಒಂದು ತಪ್ಪು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯ ಕೋಣೆಯೊಂದರ ಬಾಗಿಲು ತಟ್ಟುತ್ತೇನೆ. ಒಳಗಿನಿಂದ ಎರಡು ಚಿಲಕಗಳಲ್ಲಿ ಒಂದನ್ನು ಮಾತ್ರ ತೆಗೆದ ಸದ್ದು ಬರುತ್ತದೆ. ಸಂದಿಯಲ್ಲಿ ಕನ್ನಡಕದ ಒಂದು ಗಾಜು ಕಾಣಿಸುತ್ತದೆ.

"ಕಾರ್ಡ್ ತೋರ್ಸಿ."

ನಿನ್ನೆ ಸಂಜೆಯೇ ತೋರಿಸಿದ್ದೆನಲ್ಲ ಎನ್ನುತ್ತೇನೆ.

"ನಿನ್ನೆ ಬಂದಿದ್ದು ನೀವೇ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು? ಮೆಟ್ಲಲ್ಲಿ ಕತ್ಲೆ."

ಪತ್ರಿಕೆಯ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ ಮೇಲೆ ಎರಡನೇ ಚಿಲಕವೂ ತೆರೆಯುತ್ತದೆ. ಒಳಗೆ ಒಂದು ಮೇಜು, ಅದರ ಮೇಲೆ ಕನ್ನಡ ಟೈಪ್‌ರೈಟರ್, ಪಕ್ಕದಲ್ಲಿ ಕ್ಯಾಸೆಟ್ ಪ್ಲೇಯರ್. ಮೇಜಿನ ಕೆಳಗೆ ಹಳೆಯ ಹೊಲಿಗೆ ಯಂತ್ರದ ಕಾಲುಹಲಗೆ ಇದೆ. ಅದನ್ನು ಒತ್ತಿದರೆ ಟೇಪು ನಿಲ್ಲುತ್ತದೆ, ಬಿಟ್ಟರೆ ಓಡುತ್ತದೆ. ಕಿವಿಗೆ ಹೆಡ್‌ಫೋನ್ ಏರಿಸಿ ಮೆಹರುನ್ನೀಸಾ ಕೆಲಸ ಶುರು ಮಾಡುತ್ತಾರೆ. ಮೂರು ಹಾಳೆ, ನಡುವೆ ಎರಡು ಕಾರ್ಬನ್. ನನ್ನ ಕಡೆ ಮತ್ತೆ ನೋಡುವುದು ಆಜಾನ್ ಕೇಳಿ ನಮಾಜಿಗೆ ಏಳುವಾಗ.

ನಗರದ ಪೂರ್ವದಂಚಿನ ವಿಶ್ವವಿದ್ಯಾಲಯವೊಂದು ಪ್ರತಿ ಜನವರಿಯ ಕೊನೆಯಲ್ಲಿ ಉಪನ್ಯಾಸ ಸಪ್ತಾಹ ನಡೆಸುತ್ತದೆ. ಹಗಲು ವಿಚಾರಗೋಷ್ಠಿ, ಸಂಜೆ ಆರಕ್ಕೆ ಸಾರ್ವಜನಿಕ ಉಪನ್ಯಾಸ. ವಿಶ್ವವಿದ್ಯಾಲಯದ ಹೆಸರು ಬರೆಯಬಾರದು ಎನ್ನುವುದು ಮೆಹರುನ್ನೀಸಾ ಹಾಕಿದ ಮೊದಲ ಷರತ್ತು. ವೇದಿಕೆಯ ಮೇಲೆ ಆಡಿದ ಮಾತೆಲ್ಲ ಕ್ಯಾಸೆಟ್ಟಿಗೆ ಹೋಗುತ್ತದೆ, ಕ್ಯಾಸೆಟ್ ರಾತ್ರಿಯೇ ಈ ಕೋಣೆಗೆ ಬರುತ್ತದೆ. ಮರುದಿನ ಹನ್ನೊಂದು ಗಂಟೆಗೆ ಹಿಂದಿನ ಸಂಜೆಯ ಭಾಷಣ ಕಾಗದದ ಮೇಲಿರಬೇಕು. ತೊಂಬತ್ತು ನಿಮಿಷದ ಮಾತನ್ನು ಹೊಡೆಯಲು ಆರು ತಾಸು. ವಾರಕ್ಕೆ ಇಪ್ಪತ್ತನಾಲ್ಕು ಕ್ಯಾಸೆಟ್; ಗೋಷ್ಠಿಗಳದ್ದನ್ನು ಸಪ್ತಾಹ ಮುಗಿದ ಮೇಲೆ ಹೊಡೆಯುತ್ತಾರೆ. ಇದು ಅವರ ಹದಿನೇಳನೇ ವರ್ಷ. ಈ ಹದಿನೇಳು ವರ್ಷಗಳಲ್ಲಿ ಒಂದು ದಿನವೂ ಅವರು ಆ ಸಭಾಂಗಣದಲ್ಲಿ ಕೂತು ಭಾಷಣ ಕೇಳಿಲ್ಲ.

ಬೆಳಗ್ಗೆಯೇ ಯಾಕೆ ಎಂದರೆ, ಆರೂವರೆಯ ನಂತರ ಬಸ್ಸುಗಳ ಹಾರ್ನ್ ಶುರುವಾಗುತ್ತದೆ. "ಆಮೇಲೆ ಹೆಡ್‌ಫೋನ್ ಇದ್ರೂ ಒತ್ತಕ್ಷರ ಸರಿಯಾಗಿ ಕೇಳ್ಸಲ್ಲ. ಕೇಳ್ಸಿದ್ದನ್ನ ನಂಬಕ್ಕಾಗಲ್ಲ, ಒಂದೊಂದು ಮಾತನ್ನೂ ಎರಡೆರಡು ಸಲ ಕೇಳ್ಬೇಕು" ಎನ್ನುತ್ತಾರೆ.

ಮೆಹರುನ್ನೀಸಾಗೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಅದು ತಂದೆಯಿಂದ ಬಂದದ್ದಿರಬೇಕು. ತಂದೆ ಲತೀಫ್ ಅವರದು ಕಮರ್ಷಿಯಲ್ ಸ್ಟ್ರೀಟಿನ ಮೂಲೆಯಲ್ಲಿ ಗುಂಡಿ, ಲೇಸು ಮಾರುವ ಪುಟ್ಟ ಅಂಗಡಿ. ಒಮ್ಮೆ ಯಾರೋ ತಂದ ಕನ್ನಡದ ಕಾಗದಕ್ಕೆ ಓದಲು ಬಾರದೆ ಸಹಿ ಹಾಕಿದರು. ಅಂಗಡಿಯ ಜಾಗ ಹೋಯಿತು. ಮರುವಾರವೇ ಮಗಳನ್ನು ಉರ್ದು ಶಾಲೆಯಿಂದ ಬಿಡಿಸಿ ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿದರು. "ಇಷ್ಟೇ ಹೇಳಿದ್ರು ಅಬ್ಬಾ. ಸಹಿ ಹಾಕೋಕೆ ಮೊದ್ಲು ಓದೋದು ಕಲಿ ಅಂತ."

ಹತ್ತನೇ ತರಗತಿಯ ನಂತರ ಟೈಪಿಂಗ್ ಕಲಿಯಲು ಇನ್‌ಸ್ಟಿಟ್ಯೂಟಿಗೆ ಸೇರಿದರು. ಕನ್ನಡ ಸೀನಿಯರ್ ಪರೀಕ್ಷೆಯಲ್ಲಿ ಇಡೀ ಬ್ಯಾಚಿಗೆ ಮೊದಲಿಗರಾದರು. ಯಂತ್ರ ರಿಪೇರಿಗೆ ಬರುತ್ತಿದ್ದ ಬಷೀರ್ ಪರಿಚಯವಾದದ್ದೂ ಅಲ್ಲೇ. "ತಿಂಗ್ಳಿಗೆ ಮೂರ್ ಸಲ ಬರ್ತಿದ್ರು. ನನ್ ಮೆಷಿನ್ ಚೆನ್ನಾಗೇ ಇತ್ತು. ಆಗ್ಲೇ ನಂಗೆ ಡೌಟ್ ಬಂತು." ಈಗ ಗಂಡನಾಗಿ ಪಕ್ಕದಲ್ಲೇ ಟೀ ಸೋಸುತ್ತಿರುವ ಬಷೀರ್ ತಲೆ ಎತ್ತುವುದಿಲ್ಲ. ಕಾಲಿನಿಂದ ಟೇಪು ನಿಲ್ಲಿಸುವ ಉಪಾಯ ಅವರದೇ.

ನಾನು ಇಲ್ಲಿಗೆ ಬಂದದ್ದು ಇಷ್ಟನ್ನು ಬರೆಯಲಿಕ್ಕಲ್ಲ. ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದಲ್ಲಿ ಗುಮಾಸ್ತರಾಗಿದ್ದು ಈಗ ನಿವೃತ್ತರಾಗಿರುವ ಪಂಚಾಕ್ಷರಿಯವರು ಒಂದು ಕಥೆ ಹೇಳಿದ್ದರು. ಪ್ರತಿ ವರ್ಷ ಕ್ಯಾಸೆಟ್ ತಂದುಕೊಟ್ಟು, ಹಾಳೆ ಎಣಿಸಿ ಒಯ್ಯುತ್ತಿದ್ದವರು ಅವರೇ. ಒಬ್ಬ ಟೈಪಿಸ್ಟು ಒಬ್ಬ ದೊಡ್ಡ ಪ್ರಾಧ್ಯಾಪಕರನ್ನು ಹಿಡಿದುಹಾಕಿದಳು ಎನ್ನುವ ಆ ಕಥೆ ಕೇಳಿ ನನಗೂ ನಂಬಿಕೆ ಬರಲಿಲ್ಲ.

ನಡೆದದ್ದು ಹೀಗೆ. 1995ರ ಸಪ್ತಾಹದಲ್ಲಿ ಹಂಸ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಂದು ಪ್ರಬಂಧ ಮಂಡಿಸಿದರು. ಕೆ.ಆರ್. ಪುರದ ಆಚೆಯ ಹಳ್ಳಿಯ ಒಕ್ಕಲು ಮನೆತನದ ಹುಡುಗಿ. ವಿಷಯ ಆ ಕಡೆಯ ಕೆರೆಗಳು, ಕೆರೆಯ ನೀರನ್ನು ಊರು ಹಂಚಿಕೊಳ್ಳುತ್ತಿದ್ದ ಬಗೆ. ಊಟದ ನಂತರದ ಗೋಷ್ಠಿ ಅದು. "ಕೊನೇಲಿ ಚಪ್ಪಾಳೆ ಎಣಿಸ್ಬೋದಿತ್ತು, ಅಷ್ಟೇ ಜನ. ಆದ್ರೆ ನಾನು ಎರಡು ಸಲ ಕೇಳ್ದೆ. ಅಷ್ಟು ಚೆನ್ನಾಗಿತ್ತು" ಎನ್ನುತ್ತಾರೆ ಮೆಹರುನ್ನೀಸಾ.

ಮೂರು ಪ್ರತಿ ಹೊಡೆದರು. ಮೇಲಿನದು ಪ್ರಕಟಣಾ ಸಮಿತಿಗೆ, ಎರಡನೆಯದು ಭಾಷಣಕಾರರಿಗೆ, ಮೂರನೆಯದು ಮೆಹರುನ್ನೀಸಾ ಅವರ ಟ್ರಂಕಿಗೆ. ಮುಂದೆ ಯಾರಾದರೂ ತಕರಾರು ತೆಗೆದರೆ ಕೈಯಲ್ಲಿ ಒಂದು ಪ್ರತಿ ಇರಲಿ ಎಂದು ಮೊದಲ ವರ್ಷದಿಂದಲೂ ಇಟ್ಟುಕೊಂಡವರು. ಕ್ಯಾಸೆಟ್ಟುಗಳನ್ನು ವಿಶ್ವವಿದ್ಯಾಲಯ ಅಳಿಸಿ ಮತ್ತೆ ಬಳಸುತ್ತದೆ. ಹಾಗಾಗಿ ಆಡಿದ ಮಾತಿಗೆ ಉಳಿಯುವ ಸಾಕ್ಷಿ ಈ ಹಾಳೆಗಳು ಮಾತ್ರ.

ವಾರದ ನಂತರ ಹಂಸ ಮನೆ ಹುಡುಕಿಕೊಂಡು ಬಂದರು. ಒಂದು ಶಬ್ದ ತಪ್ಪಾಗಿತ್ತು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದ ಆಳಿಗೆ ನೀರುಗಂಟಿ ಎನ್ನುತ್ತಾರೆ. ಹಂಸ ಅವರ ತಾತ ಮುನಿಆಂಜನಪ್ಪ ಅದೇ ಕೆಲಸ ಮಾಡಿದವರು. ಪೇಟೆಯಲ್ಲಿ ಹುಟ್ಟಿ ಬೆಳೆದ ಮೆಹರುನ್ನೀಸಾ ಆ ಮಾತನ್ನು ಕೇಳಿದವರಲ್ಲ. 'ನೀರುಗಂಟಿ ಇಲ್ಲದೆ ತೂಬು ಎತ್ತುವಂತಿರಲಿಲ್ಲ' ಎಂದು ಹಂಸ ಹೇಳಿದ್ದನ್ನು 'ನೀರುಗಂಟೆ ಇಲ್ಲದೆ' ಎಂದು ಹೊಡೆದಿದ್ದರು. 'ನೀರುಗಂಟಿಗಾಗಿ ಊರು ಕಾಯುತ್ತಿತ್ತು' ಎನ್ನುವಲ್ಲೂ ಗಂಟೆಯೇ.

"ನೀರು ಬಿಡೋ ಮುಂಚೆ ಗಂಟೆ ಹೊಡೀತಾರೇನೋ ಅನ್ಕೊಂಡೆ. ಸ್ಕೂಲಲ್ಲಿ ಹೊಡೀತಾರಲ್ಲ, ಹಂಗೆ. ಅವತ್ತು ಆ ಹುಡ್ಗಿ ಮುಂದೆ ನಂಗೆ ತಲೆ ಎತ್ತಕ್ಕಾಗ್ಲಿಲ್ಲ." ಆವರೆಗೆ ಅವರ ಹಾಳೆಯಲ್ಲಿ ಯಾರೂ ತಪ್ಪು ತೋರಿಸಿರಲಿಲ್ಲ. ಹಂಸ ಅವರ ಪ್ರತಿಯಲ್ಲೂ ತಮ್ಮ ಪ್ರತಿಯಲ್ಲೂ ಅಕ್ಷರ ಉಜ್ಜಿ ತಿದ್ದಿ ಹೊಡೆದರು. ಸಮಿತಿಗೆ ಹೋದ ಪ್ರತಿಯನ್ನು ಒಂದು ದಿನಕ್ಕೆ ವಾಪಸ್ ಕೊಡಿ ಎಂದು ಪಂಚಾಕ್ಷರಿಯವರನ್ನು ಕೇಳಿದರು. ಕಡತ ಸೇರಿದ ಕಾಗದ ಹೊರಗೆ ಬರುವುದಿಲ್ಲ, ಅಚ್ಚಿಗೆ ಹೋಗುವಾಗ ತಿದ್ದೋಣ ಎಂದರು ಅವರು. ಆ ವರ್ಷದ ಸಂಪುಟ ಅಚ್ಚಿಗೇ ಹೋಗಲಿಲ್ಲ.

ನಾಲ್ಕು ವರ್ಷ ಕಳೆಯಿತು. 1999ರ ಸಪ್ತಾಹದಲ್ಲಿ ಸಮಾರೋಪ ಉಪನ್ಯಾಸ ಕೊಟ್ಟವರು ಅದೇ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರು. ಅವರ ಮೇಲಿನ ಆರೋಪವನ್ನು ಯಾರೂ ಅಧಿಕೃತವಾಗಿ ಸಾಬೀತು ಮಾಡಿಲ್ಲವಾದ್ದರಿಂದ ಹೆಸರು ಬರೆಯುತ್ತಿಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಮೆಹರುನ್ನೀಸಾ ಹೊಡೆಯಲು ಕೂತರು.

"ಐದನೇ ಪುಟಕ್ಕೆ ಏನಾಯ್ತು ಗೊತ್ತಾ? ಅವರು ಹೇಳೋಕೆ ಮೊದ್ಲೇ ನನ್ ಬೆರಳು ಮುಂದೆ ಹೋಯ್ತು. ಟೇಪ್ ನಿಲ್ಸಿದೀನಿ, ಆದ್ರೂ ವಾಕ್ಯ ಮುಗಿಸ್ಬಿಟ್ಟಿದೀನಿ. ಆಮೇಲೆ ಟೇಪ್ ಬಿಟ್ರೆ ಅದೇ ವಾಕ್ಯ."

ಹತ್ತೊಂಬತ್ತನೇ ಪುಟದಲ್ಲಿ ಪ್ರಾಧ್ಯಾಪಕರು ಹೇಳಿದರು: ನೀರುಗಂಟೆ ಇಲ್ಲದೆ ತೂಬು ಎತ್ತುವಂತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆರೆ ಏರಿಯ ಮೇಲೆ ತೂಗುತ್ತಿದ್ದ ಆ ಕಂಚಿನ ಗಂಟೆಯ ನಾದ ಮೂರು ಹಳ್ಳಿಗೆ ಕೇಳಿಸುತ್ತಿತ್ತು ಎಂದು ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಮೆಹರುನ್ನೀಸಾ ಕೆಲಸ ನಿಲ್ಲಿಸಲಿಲ್ಲ. ಗಂಟೆ ಎಂದು ಕೇಳಿಸಿದ್ದನ್ನು ಗಂಟೆ ಎಂದೇ ಹೊಡೆದು ಮುಗಿಸಿದರು. ಆಮೇಲೆ ಟ್ರಂಕಿನಿಂದ 1995ರ ಕಾರ್ಬನ್ ಪ್ರತಿ ತೆಗೆದು ನೆಲದ ಮೇಲೆ ಜೋಡಿಸಿದರು. ಮೂವತ್ತೊಂದು ಪುಟಗಳಲ್ಲಿ ಇಪ್ಪತ್ತಾರು ಪುಟ ಒಂದೇ. ಬಷೀರ್ ನೋಡಿ ಕೇಳಿದ್ದು ಒಂದೇ ಮಾತು, "ಕೈಕು?" ನಮಗೆ ಯಾಕೆ ಬೇಕು ಎಂದು.

ಯಾಕೆ ಬೇಕಿತ್ತು ಎಂದು ನಾನೂ ಕೇಳುತ್ತೇನೆ.

"ನಾನು ಸುಮ್ನಿದ್ರೆ ಕದ್ದ ಮಾತನ್ನ ನನ್ ಕೈಲೇ ಎರಡು ಸಲ ಹೊಡೆದಂಗಾಯ್ತಲ್ಲ."

ಹನ್ನೊಂದಕ್ಕೆ ಬಂದ ಪಂಚಾಕ್ಷರಿಯವರಿಗೆ ಎರಡೂ ಪ್ರತಿ ತೋರಿಸಿದರು. ಹುಬ್ಬಳ್ಳಿ ಕಡೆಯ ಪಂಚಾಕ್ಷರಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರಂತೆ. "ಅಕ್ಕಾರ, ಇದನ್ನ ನನ್ನ ಮುಂದ ಹೇಳಬ್ಯಾಡ್ರಿ. ನೀವು ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ."

ಮೆಹರುನ್ನೀಸಾ ಬುರ್ಖಾ ತೊಟ್ಟು ಕೆ.ಆರ್. ಪುರದ ಬಸ್ಸು ಹತ್ತಿದರು. ಹಲಸೂರು ದಾಟುವವರೆಗೂ ಇಳಿದು ವಾಪಸ್ ಹೋಗೋಣವೇ ಎಂದು ಯೋಚಿಸುತ್ತಲೇ ಇದ್ದರು. ಹಂಸ ಆಗ ಅಲ್ಲಿನ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಸ್ಟಾಫ್ ರೂಮಿನ ಹೊರಗೆ ನಿಂತು ಎರಡೂ ಪ್ರತಿ ಓದಿದರು. ಓದಿ, ಮೆಹರುನ್ನೀಸಾ ಎಂದೂ ಮರೆಯದ ಮಾತೊಂದನ್ನು ಆಡಿದರು.

"ಒಂದು ಕಾಪಿ ನಂಗೆ ಕೊಟ್ಟಿದ್ರಿ. ಒಂದು ಆಫೀಸಲ್ಲಿದೆ. ಇನ್ನೊಂದು ನಿಮ್ ಮನೇಲಿತ್ತು. ಅಲ್ವಾ?"

"ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಕೇಳ್ತಿದ್ದೆ" ಎನ್ನುತ್ತಾರೆ ಮೆಹರುನ್ನೀಸಾ. "ಕಾಪಿ ವಾಪಸ್ ಇಸ್ಕೊಂಡು ಬಂದ್ಬಿಟ್ಟೆ. ಬಸ್ಸಲ್ಲಿ ಅತ್ತೆ."

ಹಂಸ ದೂರು ಕೊಟ್ಟರು. ಪ್ರಾಧ್ಯಾಪಕರ ಉತ್ತರ ಇನ್ನೂ ಜಾಣತನದ್ದು. ಇದು 1994ರಲ್ಲೇ ನಾನು ಬರೆದ ಟಿಪ್ಪಣಿ, ಟೈಪಿಗೆಂದು ಶಿವಾಜಿನಗರದ ಹೆಂಗಸಿಗೆ ಕೊಟ್ಟಿದ್ದೆ, ಆಕೆಯೇ ಅದನ್ನು ಆ ವಿದ್ಯಾರ್ಥಿನಿಗೆ ದಾಟಿಸಿರಬೇಕು ಎಂದು ಬರೆದುಕೊಟ್ಟರು. ಅಲ್ಲಿಗೆ ಎಲ್ಲರ ಕಣ್ಣೂ ಒಬ್ಬರ ಮೇಲೇ ಬಿತ್ತು. ವಿಶ್ವವಿದ್ಯಾಲಯ ಕೆಲಸ ನಿಲ್ಲಿಸಿತು. ಗಲ್ಲಿಯ ವಕೀಲರೊಬ್ಬರು, ಹನ್ನೆರಡು ವರ್ಷದಿಂದ ಅರ್ಜಿ ಹೊಡೆಸುತ್ತಿದ್ದವರು, ಬೇರೆ ಅಂಗಡಿಗೆ ಹೋಗತೊಡಗಿದರು.

ಏಪ್ರಿಲ್‌ನಲ್ಲಿ ಮೂವರ ವಿಚಾರಣಾ ಸಮಿತಿ ಕರೆಯಿತು. ಟ್ರಂಕನ್ನೇ ಆಟೋದಲ್ಲಿ ಹಾಕಿಕೊಂಡು ಬಷೀರ್ ಜೊತೆ ಹೋದರು. ಯಾವ ಹಾಳೆಯನ್ನೂ ಯಾರ ಕೈಗೂ ಕೊಡುವುದಿಲ್ಲ, ಮೇಜಿನ ಮೇಲಿಟ್ಟು ತೋರಿಸುತ್ತೇನೆ ಎಂದರು. ಸಮಿತಿಯ ಮೊದಲ ಪ್ರಶ್ನೆ: "ನಿಮಗೆ ಕನ್ನಡ ಅರ್ಥ ಆಗುತ್ತೇನಮ್ಮಾ, ಇಲ್ಲ ಕೇಳಿಸಿದ್ದನ್ನ ಸುಮ್ನೆ ಹೊಡೀತೀರೋ?"

"ಅರ್ಥ ಆಗುತ್ತೆ ಸರ್. ಒಂದು ಮಾತು ಮಾತ್ರ ಅರ್ಥ ಆಗಿರ್ಲಿಲ್ಲ. ಅದಕ್ಕೇ ಬಂದಿದೀನಿ."

ಆಮೇಲೆ ನಡೆದದ್ದನ್ನು ನಾನು ಮೆಹರುನ್ನೀಸಾ ಅವರಿಂದಲೂ, ಹಂಸ ಮತ್ತು ಪಂಚಾಕ್ಷರಿಯವರಿಂದಲೂ ಬೇರೆ ಬೇರೆಯಾಗಿ ಕೇಳಿದೆ. ಮೂವರೂ ಹೇಳಿದ್ದು ಒಂದೇ. ಮೆಹರುನ್ನೀಸಾ ತಮ್ಮ ಕಾರ್ಬನ್ ಪ್ರತಿ ತೆರೆದು, ಉಜ್ಜಿ ತಿದ್ದಿದ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಗಂಟೆ ಅಂತ ಹೊಡೆದಿದ್ದು ನಾನು. ಇದು ನನ್ ತಪ್ಪು. ದೊಡ್ಡ ಸಾಹೇಬ್ರು ಬರೆದಿದ್ದೂ ಅಲ್ಲ, ಹಂಸ ಮೇಡಂ ಹೇಳಿದ್ದೂ ಅಲ್ಲ. ಕೆರೆ ಹತ್ರ ಯಾವ ಗಂಟೇನೂ ಇರ್ಲಿಲ್ಲ ಸರ್. ಮೇಡಂ ಬಂದು ಹೇಳಿದ್ಮೇಲೆ ನನ್ ಕಾಪೀಲಿ ತಿದ್ದಿದೆ, ಅವರ ಕಾಪೀಲಿ ತಿದ್ದಿದೆ. ಆಮೇಲೆ ಆ ತಪ್ಪು ಉಳಿದಿದ್ದು ಒಂದೇ ಕಾಗದದಲ್ಲಿ. ಆ ಕಾಗದ ನಿಮ್ ಬೀರುವಲ್ಲಿದೆ. ಅದನ್ನ ಓದದೇ ಇರೋರಿಗೆ ಆ ಗಂಟೆ ಕೇಳ್ಸೋಕೆ ಸಾಧ್ಯ ಇಲ್ಲ."

ಈಗ ಬೇಕಾದರೂ ತಿದ್ದಿರಬಹುದಲ್ಲ ಎಂದರು ಒಬ್ಬ ಸದಸ್ಯರು. ಆಗ ದೂರುದಾರರಾಗಿ ಕೂತಿದ್ದ ಹಂಸ ತಮ್ಮ ಪಿಎಚ್.ಡಿ. ಪ್ರಬಂಧದ ವಿಷಯ ಎತ್ತಿದರು. ಆ ಭಾಷಣದ ಪ್ರತಿಯನ್ನು ಅವರು ಪ್ರಬಂಧದ ಅನುಬಂಧವಾಗಿ ಸೇರಿಸಿದ್ದರು. ಅದು 1996ರಿಂದ ವಿಶ್ವವಿದ್ಯಾಲಯದ್ದೇ ಗ್ರಂಥಾಲಯದಲ್ಲಿ ಮೊಹರು ಬಿದ್ದು ಕೂತಿತ್ತು. ತರಿಸಿ ನೋಡಿದರೆ ಅಲ್ಲೂ ಉಜ್ಜಿದ ಗುರುತು, ಅದರ ಮೇಲೆ 'ಗಂಟಿ'. ಬೀರು ತೆರೆಸಿದರು. ಪ್ರಕಟಣಾ ಸಮಿತಿಯ ಪ್ರತಿ ಅಲ್ಲಿರಲಿಲ್ಲ.

ಗೋಡೆಯ ಪಕ್ಕ ನಿಂತಿದ್ದ ಪಂಚಾಕ್ಷರಿ ಯಾರೂ ಕೇಳದಿದ್ದರೂ ಹೊರಗೆ ಹೋದರು. ವಾಪಸ್ ಬಂದಾಗ ಕೈಯಲ್ಲಿ ಕಡತ ಹೊರಗೆ ಕೊಟ್ಟದ್ದನ್ನು ಬರೆದಿಡುವ ರಿಜಿಸ್ಟರ್ ಇತ್ತು. 1995ರ ಜೂನ್. ಪ್ರಕಟಣಾ ಸಮಿತಿಯ ಅಧ್ಯಕ್ಷರು 'ಪರಿಶೀಲನೆಗಾಗಿ' ಒಯ್ದಿದ್ದಾರೆ ಎಂದು ಬರೆದಿತ್ತು. ಮುಂದೆ ಅಧ್ಯಕ್ಷರ ಸಹಿ. ಆ ಅಧ್ಯಕ್ಷರೇ ಈ ಪ್ರಾಧ್ಯಾಪಕರು.

ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಪಂಚಾಕ್ಷರಿಯವರನ್ನು ಕೇಳಿದೆ. "ಅಂಜಿಕಿ ಇತ್ರಿ. ಮಗಳ ಲಗ್ನ ಗೊತ್ತಾಗಿತ್ತು, ಎತ್ತಂಗಡಿ ಮಾಡಿದ್ರ ಏನ್ ಮಾಡ್ಲಿ? ಖರೇ ಹೇಳ್ಬೇಕಂದ್ರ, ನನಗೂ ಮೊದಲ ಅಕ್ಕಾರ ಮ್ಯಾಲೇ ಸಂಶಯ ಇತ್ತು. ತನ್ನ ತಪ್ಪು ತಾನ ಮುಂದ ಇಟ್ಟಾಗ ನನಗ ನಾಚಿಕಿ ಬಂತು."

ವರದಿ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ಪ್ರಾಧ್ಯಾಪಕರಿಗೆ ಶಿಕ್ಷೆ ಆಗಲಿಲ್ಲ. ಎರಡು ವರ್ಷದ ನಂತರ ಶಾಲು ಹೊದಿಸಿಕೊಂಡೇ ನಿವೃತ್ತರಾದರು. ಫೋನಿನಲ್ಲಿ ನನಗೆ ಅವರು ಹೇಳಿದ್ದು, "ಅದು ಮುಗಿದ ವಿಷಯ." ಫೋನ್ ಇಡುವ ಮೊದಲು ಕೇಳಿದರು, "ನಿಮಗೆ ಇದನ್ನ ಹೇಳಿದ್ದು ಯಾರು?" ಆದರೆ 1999ರ ಸಂಪುಟ ಹೊರಬಂದಾಗ ಅದರಲ್ಲಿ ಸಮಾರೋಪ ಉಪನ್ಯಾಸ ಇರಲಿಲ್ಲ. ಆ ಜಾಗದಲ್ಲಿ ಹಂಸ ಅವರ 1995ರ ಪ್ರಬಂಧ ಇತ್ತು. ಯಾಕೆ ಎನ್ನುವ ಒಂದು ಸಾಲಿನ ಟಿಪ್ಪಣಿಯೂ ಇರಲಿಲ್ಲ.

ಮೆಹರುನ್ನೀಸಾಗೆ ಕೆಲಸ ಅದೇ ವರ್ಷದ ಕೊನೆಗೆ ಮರಳಿ ಬಂತು, ಕ್ಷಮೆ ಬರಲಿಲ್ಲ. ಮುಂದಿನ ಸಪ್ತಾಹದ ಕ್ಯಾಸೆಟ್ಟುಗಳನ್ನು ಪಂಚಾಕ್ಷರಿ ಏನೂ ಆಗಿಲ್ಲವೆಂಬಂತೆ ತಂದಿಟ್ಟರು. ಒಂದು ತಿಂಗಳು ತಡೆದು ಹಂಸ ಬಂದರು. ಕ್ಷಮಿಸಿ ಎನ್ನಲು ಬಂದಿದ್ದರು. ಮೆಹರುನ್ನೀಸಾ ಅವರನ್ನು ಕೂರಿಸಿ, ಮೊದಲು ಟೀ ಕುಡಿಯಿರಿ ಎಂದರು. "ನನ್ನ ಮೇಲೆ ಅನುಮಾನ ಪಟ್ಟೋರಲ್ಲಿ ಕ್ಷಮೆ ಕೇಳೋಕೆ ಅಂತ ನನ್ ಮನೆಗೆ ಬಂದಿದ್ದು ಅವರೊಬ್ರೇ."

ಇದನ್ನೆಲ್ಲ ಕೇಳಿದ ಮೇಲೂ ನಾನು ಒಂದು ಕೆಲಸ ಮಾಡಿದೆ. ಗ್ರಂಥಾಲಯಕ್ಕೆ ಹೋಗಿ ಆ ಪಿಎಚ್.ಡಿ. ಪ್ರಬಂಧ ತೆಗೆಸಿದೆ. ಅನುಬಂಧದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎರಡು ಕಡೆ ಕಾಗದ ತೆಳ್ಳಗಾಗಿರುವುದು ಕಾಣುತ್ತದೆ. ಇದನ್ನು ಮೆಹರುನ್ನೀಸಾಗೆ ಹೇಳಿದಾಗ ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲ ಸಲ ನನ್ನನ್ನು ಸ್ವಲ್ಪ ಮೆಚ್ಚಿಕೆಯಿಂದ ನೋಡುತ್ತಾರೆ. "ಒಳ್ಳೇದ್ ಮಾಡಿದ್ರಿ. ಹೋಗಿ ನೋಡ್ಬೇಕು."

ಈಗ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗ ಆಗಿದೆ. ಮುಂದಿನ ವರ್ಷದಿಂದ ಭಾಷಣಗಳನ್ನು ಅಲ್ಲೇ ಟೈಪು ಮಾಡಿಸುತ್ತಾರೆ ಎನ್ನುವ ಮಾತಿದೆ. ಮೆಹರುನ್ನೀಸಾಗೂ ಕಂಪ್ಯೂಟರ್ ಗೊತ್ತು, ಇಂದಿರಾನಗರದ ಡಿಟಿಪಿ ಕೇಂದ್ರವೊಂದರಲ್ಲಿ ಎರಡು ತಿಂಗಳು ಕಲಿತು ಬಂದಿದ್ದಾರೆ. ಆದರೆ ಬಳಸುವುದಿಲ್ಲ. "ಅದರಲ್ಲಿ ತಿದ್ದಿದ್ರೆ ಗುರುತೇ ಉಳಿಯಲ್ಲ. ಯಾರು ಯಾವಾಗ ತಿದ್ದಿದ್ರು ಅಂತ ಹೆಂಗ್ ಹೇಳ್ತೀರಾ?" ಸಂಪುಟಗಳ ಮುನ್ನುಡಿಯಲ್ಲಿ ಶಾಮಿಯಾನದವರಿಗೂ ಕೃತಜ್ಞತೆ ಇದೆ, ಇವರ ಹೆಸರಿಲ್ಲ. ಹಾಕಿಸಬೇಕಿತ್ತೇ ಎಂದರೆ ಬೇಡ ಎನ್ನುತ್ತಾರೆ. ಹೆಸರು ಹಾಕಿದವರು ನಾಳೆ ಯಾವುದಕ್ಕೆ ಹೊಣೆ ಮಾಡುತ್ತಾರೋ ಗೊತ್ತಿಲ್ಲವಂತೆ.

ಹತ್ತೂವರೆಗೆ ಕೊನೆಯ ಹಾಳೆ ಹೊರಬರುತ್ತದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಾರೆ. ಈ ಶನಿವಾರದ ಸಂಜೆಯ ಸಾರ್ವಜನಿಕ ಉಪನ್ಯಾಸ ಡಾ. ಹಂಸ ಅವರದು. ಊಟದ ನಂತರದ ಗೋಷ್ಠಿಯಲ್ಲ, ದೊಡ್ಡ ಸಭಾಂಗಣದಲ್ಲಿ ಆರು ಗಂಟೆಗೆ. ಮೆಹರುನ್ನೀಸಾ ಮೊದಲ ಸಾಲಿನಲ್ಲಿ ಕೂರಬೇಕು ಎಂದು ಹಂಸ ತಾವೇ ಬಂದು ಕಾರ್ಡು ಕೊಟ್ಟು ಹೋಗಿದ್ದಾರೆ. ಹೋಗುತ್ತೀರಾ ಎಂದು ಕೇಳುತ್ತೇನೆ.

"ಇಲ್ಲ. ಅಷ್ಟ್ ದೂರ ಹೋಗಿ ಬಂದ್ರೆ ಭಾನುವಾರ ಬೆಳಗ್ಗೆ ಎಚ್ಚರ ಆಗಲ್ಲ. ಆ ಟೇಪ್ ಒಂದು ನನ್ ಹತ್ರಾನೇ ಬರ್ಲಿ, ಅಷ್ಟೇ ಸಾಕು." ಮೂರು ಪ್ರತಿಗಳ ಅಂಚು ಸರಿಮಾಡಿ, ಒಂದನ್ನು ಟ್ರಂಕಿಗೆ ಹಾಕುತ್ತಾರೆ. "ಆ ಹುಡ್ಗಿ ಮಾತನ್ನ ಬೇರೆಯವರ ಕೈಗೆ ಕೊಡೋಕೆ ನಂಗೆ ನಂಬಿಕೆ ಇಲ್ಲ."